ಜೊತೆಯಲ್ಲಿ ನಡೆಯುವ ಸ್ವಾಮಿ



ಬೆಟ್ಟ ಹತ್ತಿ ದಣಿದು ಬಂದಿದ್ದೀರಿ. ಸ್ವಲ್ಪ ಕೂತ್ಕೊಳ್ಳಿ.

ಇಲ್ಲಿನ ಕಚೇರಿಯಲ್ಲಿ ಪೂಜೆಯ ಕೋರಿಕೆಗಳನ್ನು ಬರೆದುಕೊಳ್ಳುವುದು ನನ್ನ ಕೆಲಸ. ಒಮ್ಮೆ ಒಬ್ಬ ತಾಯಿ ಬಂದು, "ಹೋದ ವರ್ಷ ಮಗನ ಕಾಯಿಲೆ ವಾಸಿಯಾಗಲಿ ಅಂತ ಬರೆಸಿದ್ದೆ ಅಣ್ಣಾ. ಅವನು ಉಳೀಲಿಲ್ಲ. ಈಗ ಏನಂತ ಬರೆಸಲಿ?" ಅಂದರು. ನನ್ನ ಪೆನ್ನು ನಿಂತುಹೋಯಿತು.

ಆಗ ಸಂತ ಲೂಕರ ಶುಭಸಂದೇಶದ 24ನೇ ಅಧ್ಯಾಯ ನೆನಪಾಯಿತು. ಯೇಸುಸ್ವಾಮಿ ಶಿಲುಬೆಯ ಮೇಲೆ ಪ್ರಾಣಬಿಟ್ಟ ಮೂರನೇ ದಿನ ಇಬ್ಬರು ಶಿಷ್ಯರು ಜೆರುಸಲೇಮಿನಿಂದ ಎಮ್ಮಾವು ಎಂಬ ಹಳ್ಳಿಗೆ ಹೊರಟಿದ್ದರು. ಸುಮಾರು 11 ಕಿಲೋಮೀಟರ್ ದಾರಿ. ನಂಬಿದ್ದೆಲ್ಲಾ ಮುಗಿದುಹೋಯಿತು ಅಂತ ಮುಖ ಬಾಡಿತ್ತು. ದಾರಿಯಲ್ಲಿ ಜೊತೆಗೂಡಿದ ಅಪರಿಚಿತರ ಹತ್ತಿರ ದುಃಖ ತೋಡಿಕೊಂಡರು. ಅವರೇ ಯೇಸುಸ್ವಾಮಿ ಅಂತ ಗೊತ್ತಾಗಲಿಲ್ಲ. ಸಂಜೆ ಊಟಕ್ಕೆ ಕೂತು ಸ್ವಾಮಿ ರೊಟ್ಟಿ ಮುರಿದಾಗ ಇವರ ಕಣ್ಣು ತೆರೆಯಿತು. ಆಗಲೇ ಎದ್ದು ಅಷ್ಟೂ ದಾರಿ ಹಿಂದಕ್ಕೆ ನಡೆದರು.

ನೋಡಿ, ಅವರ ನಿರಾಶೆಯ ಮಾತು ಕೇಳಿ ಸ್ವಾಮಿ ತಿದ್ದಿದರು, ಆದರೆ ಬಿಟ್ಟುಹೋಗಲಿಲ್ಲ. ನಂಬಿಕೆ ಅಂದರೆ ಕೇಳಿದ್ದೆಲ್ಲಾ ಸಿಕ್ಕೇ ಸಿಗುತ್ತದೆ ಅನ್ನುವುದಲ್ಲ. ಸಿಗದ ದಿನವೂ ದೇವರ ಹತ್ತಿರ ಮಾತು ಬಿಡದೇ ಇರುವುದು.

ಆ ತಾಯಿಗೆ ಇದೆಲ್ಲಾ ನಾನು ಹೇಳಲಿಲ್ಲ. ಹೇಳೋ ಹೊತ್ತೂ ಅದಲ್ಲ. ಅವರೇ ಸೆರಗಿನಿಂದ ಕಣ್ಣೊರೆಸಿಕೊಂಡು, "ಮಗನ ಆತ್ಮಕ್ಕೆ ಶಾಂತಿ ಸಿಗಲಿ ಅಂತ ಬರೀರಿ" ಅಂದರು. ಬರೆದೆ.

ನೀವೂ ಮನಸ್ಸಿನಲ್ಲಿ ಉಳಿದಿದ್ದನ್ನು ಸ್ವಾಮಿಗೆ ಹೇಳಿಕೊಳ್ಳುತ್ತಾ ಬೆಟ್ಟ ಇಳಿಯಿರಿ. ಅವರು ಜೊತೆಯಲ್ಲೇ ಇದ್ದಾರೆ. ಆಮೆನ್.