ಎರೆತೊಟ್ಟಿಯಲ್ಲಿ ಅಹಿಂಸೆಯ ಪ್ರಶ್ನೆ

ಮಲೆನಾಡಿನ ಹೊಸನಗರ ತಾಲ್ಲೂಕಿನ ಹುಂಚ ಜೈನರ ಪುರಾತನ ಕ್ಷೇತ್ರ. ಮಳೆಗಾಲದಲ್ಲಿ ಕಾಲಡಿ ಹುಳುಹುಪ್ಪಟೆ ಸಾಯಬಾರದೆಂದೇ ಜೈನ ಮುನಿಗಳು ಚಾತುರ್ಮಾಸ ಹಿಡಿದು ಒಂದೆಡೆ ನೆಲೆಸುತ್ತಾರೆ. ಜೈನ ತತ್ತ್ವದ ಲೆಕ್ಕದಲ್ಲಿ ಎರೆಹುಳು ಎರಡು ಇಂದ್ರಿಯಗಳ ಜೀವಿ. ಸ್ಪರ್ಶವೂ ರುಚಿಯೂ ಅದಕ್ಕೆ ತಿಳಿಯುತ್ತವೆ.

ಹಾಗಾದರೆ ಗೊಬ್ಬರಕ್ಕಾಗಿ ಅದನ್ನು ತೊಟ್ಟಿಯಲ್ಲಿಟ್ಟು ದುಡಿಸಿಕೊಳ್ಳುವುದು ಸರಿಯೇ?

ಗೃಹಸ್ಥರಿಗೆ ಜೈನಧರ್ಮ ದಾರಿ ಬಿಟ್ಟಿದೆ. ಸಂಕಲ್ಪಿಸಿ ಕೊಲ್ಲುವುದು ನಿಷಿದ್ಧ. ಬೇಸಾಯದಂಥ ಕಸುಬಿನಲ್ಲಿ ತಪ್ಪಿಸಲಾಗದ ಹಿಂಸೆಯನ್ನು ಆದಷ್ಟೂ ತಗ್ಗಿಸಬೇಕು. ಅಲ್ಲಿಗೆ ಪ್ರಶ್ನೆ ಆರೈಕೆಯದಾಗುತ್ತದೆ.

ಮಲೆನಾಡಿನಲ್ಲಿ ಆ ಆರೈಕೆ ಸುಲಭವಲ್ಲ. ಹಸಿ ಸಗಣಿ ಕೊಳೆಯುವಾಗ ಏಳುವ ಬಿಸಿಗೆ ಹುಳು ಸಾಯುತ್ತದೆ. ದರಗು, ಅಡಿಕೆ ಸೋಗೆಯೊಂದಿಗೆ ಸಗಣಿಯನ್ನು ಮೊದಲೇ ಕೊಳೆಸಿಕೊಳ್ಳಬೇಕು. ಆಷಾಢದ ಜಡಿಮಳೆಗೆ ತೊಟ್ಟಿಯಲ್ಲಿ ನೀರು ನಿಂತರೆ ಹುಳುವಿಗೆ ಉಸಿರುಗಟ್ಟುತ್ತದೆ. ಮೇಲೆ ಮಾಡು, ತಳದಲ್ಲಿ ನೀರು ಬಸಿಯುವ ತೂತು ಬೇಕು. ಮಾಗಿಯ ಚಳಿಗೆ ಆಫ್ರಿಕಾ ಮೂಲದ ಯೂಡ್ರಿಲಸ್ ಎಂಬ ಎರೆಹುಳು ಮಂಕಾಗುತ್ತದೆ, ಐಸೀನಿಯಾ ಫೆಟಿಡಾ ಎಂಬ ಇನ್ನೊಂದು ಜಾತಿ ಹೆಚ್ಚು ತಾಳುತ್ತದೆ. ಎರಡಕ್ಕೂ ಒಣಹುಲ್ಲಿನ ದಪ್ಪ ಹೊದಿಕೆ ಒಳ್ಳೆಯದು.

ಗೊಬ್ಬರ ತೆಗೆಯುವಾಗ ಗುದ್ದಲಿ ಬೇಡ. ನೀರು ಚಿಮುಕಿಸುವುದನ್ನು ನಿಲ್ಲಿಸಿ, ಗೊಬ್ಬರವನ್ನು ಬೆಳಕಿನಲ್ಲಿ ಗುಡ್ಡೆ ಮಾಡಿದರೆ ಹುಳುಗಳು ತಾವಾಗಿ ತಳಕ್ಕಿಳಿಯುತ್ತವೆ. ಮೇಲಿನದನ್ನು ಕೈಯಲ್ಲೇ ಬಾಚಿಕೊಳ್ಳಬಹುದು.

ಇಷ್ಟಕ್ಕೆ ಪುರುಸೊತ್ತಿಲ್ಲದವರು ಎರೆತೊಟ್ಟಿ ಕಟ್ಟಬಾರದು.