ಬಾರದವರ ಹೊಣೆ

ಬೇಸಗೆಯಲ್ಲಿ ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವ ಅರವಟ್ಟಿಗೆಯನ್ನು ನಮ್ಮ ಹಿರಿಯರು ದೊಡ್ಡ ಧರ್ಮವೆಂದು ಎಣಿಸಿದರು. ಆ ಧರ್ಮದಲ್ಲಿ ಒಂದು ಸೂಕ್ಷ್ಮವುಂಟು. ಅರವಟ್ಟಿಗೆಯನ್ನು ಯಾರೂ ತಮ್ಮ ನಡುಮನೆಯಲ್ಲಿ ಇಡುವುದಿಲ್ಲ; ಬಾಯಾರಿದವರು ನಡೆಯುವ ಹಾದಿಯಲ್ಲಿ, ನೆರಳು ಕಂಡಲ್ಲಿ ಇಡುತ್ತಾರೆ. ಕೊಡುವವನ ಕೊಡದಲ್ಲಿ ನೀರಿದ್ದರೆ ಸಾಲದು, ಅದು ಬೇಕಾದವನಿಗೆ ಎಟುಕಬೇಕು ಎಂಬ ತಿಳಿವಳಿಕೆ ಆ ಪದ್ಧತಿಯಲ್ಲಿ ಅಡಗಿದೆ.

ಈ ಮಾತನ್ನು ಈಗ ನೆನೆಯಲು ಕಾರಣವಿದೆ. ನಮ್ಮ ದೇಶದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಆಗ ಅದಕ್ಕೆ ಮದ್ದಿರಲಿಲ್ಲ. ಮದ್ದು ಬಂದ ಮೇಲೂ ಕೊಳ್ಳುವ ಶಕ್ತಿ ಬಡವರಿಗಿರಲಿಲ್ಲ. 2004ರ ಏಪ್ರಿಲ್ 1ರಿಂದ ಸರಕಾರ ಅದನ್ನು ಉಚಿತವಾಗಿ ಕೊಡತೊಡಗಿತು. ಮೊದಲ ಹಂತದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017ರಿಂದೀಚೆಗೆ, ಕಾಯಿಲೆ ಬಲಿಯಲೆಂದು ಕಾಯದೆ, ಸೋಂಕು ಗೊತ್ತಾದ ಎಲ್ಲರಿಗೂ ಚಿಕಿತ್ಸೆ ದೊರೆಯಬೇಕೆಂಬುದು ಸರಕಾರದ ನೀತಿ. ಈ ಔಷಧ ವೈರಾಣುವನ್ನು ಬೇರುಸಹಿತ ಕೀಳಲಾರದು. ಆದರೆ ದಿನವೂ ತಪ್ಪದೆ ಸೇವಿಸಿದರೆ ಅದು ರಕ್ತಪರೀಕ್ಷೆಗೂ ಸಿಕ್ಕದಷ್ಟು ಅಡಗುತ್ತದೆ. ಹಾಗೆ ಅಡಗಿರುವವರೆಗೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲವೆಂಬುದೂ ಸ್ಥಿರಪಟ್ಟಿದೆ. ನಿಲ್ಲಿಸಿದರೆ ವೈರಾಣು ಮತ್ತೆ ಹೆಚ್ಚುತ್ತದೆ; ಬಿಟ್ಟು ಬಿಟ್ಟು ಸೇವಿಸಿದರೆ ಆ ಔಷಧಕ್ಕೆ ಜಗ್ಗದಂತೆಯೂ ಆಗಬಹುದು.

ಇಷ್ಟಿದ್ದೂ ಬಾರದವರಿದ್ದಾರೆ; ಕೆಲವು ಕಾಲ ಬಂದು ಬಿಟ್ಟವರಿದ್ದಾರೆ. "ಪುಕ್ಕಟೆ ಕೊಟ್ಟರೂ ಬಾರದಿದ್ದರೆ ಅದು ಅವರ ಕರ್ಮ" ಎಂಬ ಮಾತನ್ನು ಸಜ್ಜನರ ಬಾಯಲ್ಲೂ ಕೇಳುತ್ತೇವೆ. ಇದನ್ನು ಬರಿಯ ನಿಷ್ಕರುಣೆಯೆಂದು ತಳ್ಳಿಹಾಕುವಂತಿಲ್ಲ. ಬುದ್ಧಿ ಬಲಿತ ಮನುಷ್ಯ ತನ್ನ ಬಾಳಿಗೆ ತಾನೇ ಹೊಣೆ ಎಂಬ ತತ್ತ್ವ ಇದರ ಹಿಂದಿದೆ. ತತ್ತ್ವ ಒಪ್ಪತಕ್ಕದ್ದೇ. ಆದರೆ ಹೊಣೆ ಹೊರಿಸುವ ಮುನ್ನ ಆ ಮನುಷ್ಯನಿಗೆ ಆಯ್ದುಕೊಳ್ಳುವ ಅವಕಾಶ ನಿಜವಾಗಿ ಇತ್ತೇ ಎಂದು ನೋಡಬೇಡವೆ?

ರಾಯಚೂರಿನ ಕಡೆಯಿಂದ ಬೆಂಗಳೂರಿಗೆ ಕಟ್ಟಡದ ಕೂಲಿಗೆ ಬಂದ ಒಬ್ಬ ಹೆಂಗಸನ್ನು ಊಹಿಸಿಕೊಳ್ಳೋಣ. ಅವಳ ಹೆಸರು ಊರ ಕಡೆಯ ಚಿಕಿತ್ಸಾ ಕೇಂದ್ರದಲ್ಲಿದೆ. ಇಲ್ಲಿನ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಬಹುದೆಂದು ಯಾರೂ ತಿಳಿಸಿಲ್ಲ. ಆಸ್ಪತ್ರೆಗೆ ಹೋದ ದಿನ ಕೂಲಿಯಿಲ್ಲ. ಪದೇ ಪದೇ ಬಿಡುವು ಕೇಳಿದರೆ ಮೇಸ್ತ್ರಿ ಕಾರಣ ಕೇಳುತ್ತಾನೆ. ತಗಡಿನ ಶೆಡ್ಡಿನಲ್ಲಿ ಮಾತ್ರೆಯ ಡಬ್ಬಿ ಬಚ್ಚಿಡಲು ಒಂದು ಮೂಲೆಯಿಲ್ಲ. ಒಂದು ತಿಂಗಳು ತಪ್ಪುತ್ತದೆ. ಮರುತಿಂಗಳು ಹೋದರೆ ಬಯ್ದಾರೆಂಬ ಅಂಜಿಕೆಯಲ್ಲಿ ಅದೂ ತಪ್ಪುತ್ತದೆ. ಅವಳು ಮದ್ದನ್ನು ಬೇಡವೆಂದಳೇ? ಕೂಲಿ ಹೋಗುವುದನ್ನು, ನೆಲೆ ತಪ್ಪುವುದನ್ನು ಬೇಡವೆಂದಳು, ಅಷ್ಟೆ. ಲೈಂಗಿಕ ವೃತ್ತಿಯಲ್ಲಿರುವವರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಅಡ್ಡಿಗಳು ಇನ್ನೂ ಹೆಚ್ಚು. ಆಸ್ಪತ್ರೆಯ ಸಾಲಿನಲ್ಲಿ ನಿಂತಾಗ ಮೈಮೇಲೆ ಬೀಳುವ ನೋಟವೊಂದೇ ಅವರನ್ನು ಹಿಂತಿರುಗಿಸಲು ಸಾಕು.

ಹಾಗಾದರೆ ಬಾರದವರನ್ನು ಹುಡುಕಿಕೊಂಡು ಹೋಗೋಣವೆಂದರೆ ಅಲ್ಲಿ ಇನ್ನೊಂದು ತೊಡಕು. ಆಸ್ಪತ್ರೆಯವರು ಮನೆಬಾಗಿಲಿಗೆ ಬಂದು ಹೆಸರು ಹಿಡಿದು ವಿಚಾರಿಸಿದರೆ ಸಂಜೆಯೊಳಗೆ ಕೇರಿಗೆಲ್ಲ ಸುದ್ದಿ. ಜೀವ ಉಳಿಸಹೋಗಿ ಬಾಳು ಕೆಡಿಸಿದಂತಾಗುತ್ತದೆ. 2017ರಲ್ಲಿ ಸಂಸತ್ತು ಅಂಗೀಕರಿಸಿ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್.ಐ.ವಿ. ಕಾಯಿದೆಯು, ಸೋಂಕಿನ ಸಂಗತಿಯನ್ನು ಸಂಬಂಧಪಟ್ಟವರ ಒಪ್ಪಿಗೆಯಿಲ್ಲದೆ ಬಯಲುಮಾಡುವುದನ್ನು ಸಾಮಾನ್ಯವಾಗಿ ನಿಷೇಧಿಸಿರುವುದು ಈ ಭಯವನ್ನು ಬಲ್ಲವರ ವಿವೇಕ. ಹುಡುಕದಿದ್ದರೆ ಉಪೇಕ್ಷೆ, ಅರಿಯದೆ ಹುಡುಕಿದರೆ ದ್ರೋಹ. ಧರ್ಮಸಂಕಟವೆಂದರೆ ಇದೇ.

ಈ ಸಂಕಟದಿಂದ ಹೊರಬರುವ ದಾರಿಯನ್ನು ಬಹುಮಟ್ಟಿಗೆ ತೋರಿಸಿಕೊಟ್ಟವರು ಅದನ್ನು ಅನುಭವಿಸಿದವರೇ. ಮೈಸೂರಿನಲ್ಲಿ ಲೈಂಗಿಕ ವೃತ್ತಿಯವರೇ ಕಟ್ಟಿಕೊಂಡ ಆಶೋದಯ ಸಮಿತಿಯಂಥ ಸಂಘಗಳಲ್ಲಿ, ಬಿಟ್ಟವರನ್ನು ಕರೆತರಲು ಹೋಗುವವರು ಅವರ ಜತೆಯವರೇ. ಗೆಳತಿ ಗೆಳತಿಯ ಮನೆಗೆ ಹೋದರೆ ನೆರೆಯವರು ತಿರುಗಿ ನೋಡುವುದಿಲ್ಲ. ಬಂದವಳಿಗೆ ಉಪದೇಶ ಮಾಡುವ ಹಂಬಲವೂ ಇರುವುದಿಲ್ಲ. ಆರೋಗ್ಯ ಸ್ಥಿರವಾಗಿರುವವರಿಗೆ ಕೆಲವು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡುವುದು, ಊರಿಗೆ ಹತ್ತಿರದ ಉಪಕೇಂದ್ರದಲ್ಲೇ ದೊರೆಯುವಂತೆ ಮಾಡುವುದು, ನಿಮ್ಮನ್ನು ಕಾಣಬೇಕಾದರೆ ಎಲ್ಲಿ ಹೇಗೆ ಕಾಣೋಣ ಎಂದು ಮೊದಲ ದಿನವೇ ಅವರನ್ನೇ ಕೇಳಿಡುವುದು — ಇವು ಸಣ್ಣ ಸಂಗತಿಗಳಂತೆ ಕಾಣಬಹುದು. ಅರವಟ್ಟಿಗೆಯನ್ನು ನಡುಮನೆಯಿಂದ ಹಾದಿಗೆ ತರುವುದೆಂದರೆ ಇಂಥ ಸಣ್ಣ ಸಂಗತಿಗಳೇ.

ಇದೆಲ್ಲ ವೈದ್ಯರ ಕೆಲಸ, ಸರಕಾರದ ಕೆಲಸ, ನಮಗೇನು ಎನ್ನುವಂತಿಲ್ಲ. ಆ ಹೆಂಗಸು ಮಾತ್ರೆಯ ಡಬ್ಬಿಯನ್ನು ಬಚ್ಚಿಡುವುದು ವೈದ್ಯರಿಂದಲ್ಲ. ಕೆಲಸ ಕೊಡುವವರಿಂದ, ಮನೆ ಬಾಡಿಗೆಗೆ ಕೊಡುವವರಿಂದ, ಮಕ್ಕಳನ್ನು ಅದೇ ಶಾಲೆಗೆ ಕಳಿಸುವವರಿಂದ. ಅಂದರೆ ನಮ್ಮಿಂದ. ಕೆಲಸ, ಮನೆ, ಶಾಲೆಗಳಲ್ಲಿ ಸೋಂಕಿನ ಕಾರಣಕ್ಕೆ ಭೇದ ಮಾಡಬಾರದೆಂದು ಅದೇ ಕಾಯಿದೆ ಹೇಳುತ್ತದೆ. ಆದರೆ ಕಣ್ಣಿನ ನೋಟವನ್ನು ತಿದ್ದುವ ಕಾಯಿದೆ ಎಲ್ಲಿಯೂ ಇಲ್ಲ. ಆ ಕೆಲಸ ನಮ್ಮದೇ.

ದಾರಿಯ ಮುಳ್ಳನ್ನೆಲ್ಲ ತೆಗೆದ ಮೇಲೆಯೂ ಒಬ್ಬರು ಚಿಕಿತ್ಸೆ ಬೇಡವೆನ್ನಬಹುದು. ಆಗ ಅದು ಅವರ ಆಯ್ಕೆ. ಅದನ್ನು ಗೌರವಿಸಿ, ಮರಳಿ ಬರುವ ಬಾಗಿಲನ್ನು ತೆರೆದಿಡೋಣ. ಅಲ್ಲಿಯವರೆಗೆ ಬಾರದವರ ಹೊಣೆಯನ್ನೆಲ್ಲ ಅವರ ತಲೆಗೇ ಕಟ್ಟುವ ಹಕ್ಕು ನಮಗಿಲ್ಲ.