ಮಾತುಕತೆಗೆ ಕೂತವರು ಯಾರು?

ಬೆಟಗೇರಿಯ ಮಗ್ಗದ ಸದ್ದಿನಲ್ಲಿ ಬೆಳೆದ ನಮಗೆ ಹರಿದ ಎಳೆಯ ಬೆಲೆ ಗೊತ್ತು. ಮುಂಬಯಿ ಗಿರಣಿಗಳಲ್ಲಿ ಹರಿದ ನೂಲು ಕೂಡಿಸಲು ಅದನ್ನು ಬಾಯಿಗೆ ಹಚ್ಚಬೇಕಿತ್ತು. ಎಂಜಲಾದರೆ ಮೈಲಿಗೆ! ಅದಕ್ಕೇ ಹೆಚ್ಚು ಪಗಾರದ ನೇಯ್ಗೆ ಖಾತೆಯೊಳಗೆ ಅಸ್ಪೃಶ್ಯರಿಗೆ ಜಾಗ ಇರಲಿಲ್ಲ. ಈ ಬೇಲಿ ಹಾಕಿದವರು ಯಾರು? ಜೊತೆಗೆ ಬೆವರು ಸುರಿಸುತ್ತಿದ್ದ ಸವರ್ಣ ಕಾರ್ಮಿಕರು.

1928ರ ಮುಷ್ಕರದಲ್ಲಿ ಬಾಬಾಸಾಹೇಬರು ಪಟ್ಟು ಹಿಡಿದರು: ಎಲ್ಲ ಖಾತೆಗಳಲ್ಲೂ ನಮ್ಮವರಿಗೆ ಕೆಲಸ ಎಂಬುದು ಬೇಡಿಕೆ ಪಟ್ಟಿಯಲ್ಲಿ ಬರಲಿ. ಮುಖಂಡರು ಒಲ್ಲದ ಮನಸ್ಸಿನಿಂದ ಸೇರಿಸಿದರು. ಮಾಲೀಕರು ಏನಂದರು ಗೊತ್ತೇ? ಇದು ಅನ್ಯಾಯವೇ ಇರಬಹುದು, ಆದರೆ ಇದನ್ನು ಮಾಡಿದವರು ನಾವಲ್ಲ ಅಂದರು!

ಈಗ ಪ್ರಶ್ನೆ: ತನ್ನ ಪಕ್ಕದವನಿಗೆ ಅನ್ಯಾಯ ಮಾಡುವವನಿಗೆ ನ್ಯಾಯ ಕೇಳುವ ಹಕ್ಕು ಐತೇನು?

ಐತಿ ಅಂತೇವಿ ನಾವು. ಹಸಿವು ಸುಳ್ಳಲ್ಲ. 1938ರಲ್ಲಿ ಮುಂಬಯಿ ಸರ್ಕಾರ ಮುಷ್ಕರದ ಕೈ ಕಟ್ಟುವ ಮಸೂದೆ ತಂದಾಗ, ಅದೇ ಬಾಬಾಸಾಹೇಬರು ಕಮ್ಯುನಿಸ್ಟರ ಜೊತೆ ನಿಂತು ನವೆಂಬರ್ 7ರಂದು ಮುಷ್ಕರ ನಡೆಸಿದರು. ಮುಷ್ಕರ ಅಂದರೆ ಸ್ವಾತಂತ್ರ್ಯದ ಇನ್ನೊಂದು ಹೆಸರು ಎಂದು ಶಾಸನಸಭೆಯಲ್ಲಿ ವಾದಿಸಿದರು. ಆಗ ಗದಗ, ಮುಂಡರಗಿ ಎಲ್ಲ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಅವರು ಹಳೆಯ ಗಾಯ ಮರೆತಿರಲಿಲ್ಲ, ಆದರೂ ಜೊತೆಗೆ ನಿಂತರು.

ಆದರೆ ಹಕ್ಕು ಐತಿ ಅಂದ ಮಾತ್ರಕ್ಕೆ ಎಲ್ಲರ ಪರವಾಗಿ ಮಾತಾಡುವ ಅಧಿಕಾರ ಬರುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ, ಒಂದಕ್ಕಿಂತ ಹೆಚ್ಚು ಸಂಘಗಳಿದ್ದಲ್ಲಿ ಹಾಜರಿ ಪಟ್ಟಿಯ ನೂರಕ್ಕೆ 51 ಮಂದಿ ಇದ್ದ ಸಂಘವೇ ಮಾತುಕತೆಯ ಏಕೈಕ ಸಂಘ. ಕಸ ಗುಡಿಸುವ ಗುತ್ತಿಗೆಯವನ ಹೆಸರು ಎಲ್ಲೈತಿ? ಗುತ್ತಿಗೆದಾರನ ಪುಸ್ತಕದಾಗ. ಎಣಿಕೆಗೇ ಬಾರದವನು 51 ಆಗುವುದು ಯಾವಾಗ?

2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ನಾಲ್ಕು ದಿನ ಕಸಬರಿಗೆ ಕೆಳಗಿಟ್ಟರು. ಕಾಯಂ ಮಾಡುವ ಬಗ್ಗೆ ಸರ್ಕಾರದಿಂದ ಬರಹದಲ್ಲಿ ಭರವಸೆ ಪಡೆದರು. ಯಾರದೋ ಪಟ್ಟಿಯ ಕಡೇ ಸಾಲಾಗಿ ಅವರು ಕಾಯಲಿಲ್ಲ.

'ಒಗ್ಗಟ್ಟು ಒಡೀಬ್ಯಾಡ್ರಿ' ಅಂತ ನಮಗೇ ಬುದ್ಧಿ ಹೇಳುವ ಗೆಳೆಯರೇ, ಒಡೆದದ್ದು ನಾವಲ್ಲ. ಹರಿದ ಎಳೆ ಮುಟ್ಟಲು ಬಿಡದವರು ಒಡೆದರು. ಮಾಲೀಕನ ಮೇಜಿನ ಮೇಲೆ ಇಡುವ ಮುಂಚೆ ನಿಮ್ಮ ಬೇಡಿಕೆ ಪಟ್ಟಿಯನ್ನು ಒಮ್ಮೆ ನಮ್ಮ ಕೇರಿಗೆ ತಂದು ಓದ್ರಿ. ಏನು ಬಿಟ್ಟೈತಿ ಅಂತ ನಾವು ಹೇಳ್ತೇವಿ. ಅದನ್ನ ಬರಕೊಳ್ರಿ. ಆಮೇಲೆ ಕೂಡೇ ಹೋಗೋಣ.